ಸರ್ ಎಂ.ವಿ. ಕೆಲಸ ಬಿಟ್ಟ ವರ್ಷ

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಕಾಲೇಜಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕಿ, ಭಾಷಣ ಮಾಡಿ, ಸಿಹಿ ಹಂಚುತ್ತಾರೆ. ಕಳೆದ ಸಲ ಸಿಹಿ ತಿನ್ನುತ್ತಲೇ ಗೆಳೆಯನೊಬ್ಬ ಕೇಳಿದ: ‘ಅವರ ಕಾಲದಲ್ಲಿ ಎಂಜಿನಿಯರ್‌ಗಳಿಗೆ ಬೇಡಿಕೆ ಇತ್ತು ಕಣೋ, ನಮ್ಮನ್ನು ಯಾರು ಕೇಳ್ತಾರೆ?’ ಕ್ಯಾಂಪಸ್‌ಗೆ ಬರುವ ಕಂಪನಿಗಳು ಕಡಿಮೆಯಾಗಿದ್ದ ವರ್ಷ ಅದು. ನನ್ನಲ್ಲೂ ಉತ್ತರವಿರಲಿಲ್ಲ. ಆಮೇಲೆ ಅವರ ಜೀವನವನ್ನು ಓದಿದೆ. ಅವರ ಕಾಲವೂ ಅಷ್ಟು ಸಲೀಸಾಗಿರಲಿಲ್ಲ ಎಂದು ಆಗ ತಿಳಿಯಿತು.

ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯ ಹುಡುಗ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, ಮೊದಲ ಸ್ಥಾನ ಗಳಿಸಿದರು. 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಆಗ ಎಂಜಿನಿಯರ್‌ಗೆ ಕೆಲಸ ಕೊಡುತ್ತಿದ್ದುದು ಹೆಚ್ಚಾಗಿ ಸರ್ಕಾರವೇ. ಅಲ್ಲಿ ಮೇಲಿನ ಕುರ್ಚಿಗಳೆಲ್ಲ ಬ್ರಿಟಿಷರ ಪಾಲು. ಭಾರತೀಯನೊಬ್ಬ ಗಮನಕ್ಕೆ ಬರಬೇಕೆಂದರೆ ಕೆಲಸವನ್ನೇ ತೋರಿಸಬೇಕಿತ್ತು. ಸಿಂಧ್ ಪ್ರಾಂತ್ಯದ ಸುಕ್ಕೂರಿನ ಜನ ಸಿಂಧೂ ನದಿಯ ಕೆಸರು ನೀರನ್ನೇ ಕುಡಿಯುತ್ತಿದ್ದರು. ಶೋಧಕ ಘಟಕ ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನಲ್ಲಿ ಸೋಸಿ ಬಂದ ನೀರನ್ನು ಊರಿಗೆ ಪಂಪ್ ಮಾಡಿಸಿದರು. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಲು ಸ್ವಯಂಚಾಲಿತ ಗೇಟುಗಳನ್ನು ರೂಪಿಸಿದರು. ನೀರು ಮಟ್ಟ ಮೀರಿದರೆ ತಾನಾಗಿ ತೆರೆದುಕೊಂಡು, ಇಳಿದರೆ ಮುಚ್ಚಿಕೊಳ್ಳುವ ಗೇಟುಗಳು ಅವು.

ಇಷ್ಟೆಲ್ಲ ಮಾಡಿದರೂ ಚೀಫ್ ಎಂಜಿನಿಯರ್ ಹುದ್ದೆ ತಮಗೆ ಸಿಗುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. 1908ರಲ್ಲಿ, ವಯಸ್ಸು 50 ಸಮೀಪಿಸುತ್ತಿದ್ದಾಗ, ಸ್ವಯಂ ನಿವೃತ್ತಿ ಪಡೆದು ವಿದೇಶ ಪ್ರವಾಸಕ್ಕೆ ಹೊರಟುಬಿಟ್ಟರು. ಮುಂದೆ ಇಂಥದ್ದೇ ಕೆಲಸ ಎಂದು ಕೈಯಲ್ಲಿ ಏನೂ ಇರಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ, ಪ್ರವಾಸದಲ್ಲಿದ್ದ ಈ ನಿವೃತ್ತ ಎಂಜಿನಿಯರ್‌ಗೆ ಕರೆ ಕಳುಹಿಸಿತು. ಪ್ರವಾಹವನ್ನು ನಗರದ ಮೇಲ್ಭಾಗದಲ್ಲೇ ತಡೆಯುವ ಜಲಾಶಯಗಳ ಯೋಜನೆಯನ್ನು ಅವರು ಸಿದ್ಧಪಡಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹೀಗೆ. ಅವರನ್ನು ಕರೆಸಿದ್ದು ಹಳೆಯ ಹುದ್ದೆಯಲ್ಲ. ಅದುವರೆಗೆ ಬಗೆಹರಿಸಿದ್ದ ಒಂದೊಂದು ಸಮಸ್ಯೆ.

1909ರಲ್ಲಿ ಮೈಸೂರು ಸರ್ಕಾರ ಚೀಫ್ ಎಂಜಿನಿಯರ್ ಹುದ್ದೆಗೆ ಆಹ್ವಾನಿಸಿತು. ಅವರು ತಕ್ಷಣ ಒಪ್ಪಲಿಲ್ಲ. ಕೈಗಾರಿಕೆಗಳನ್ನೂ ತಾಂತ್ರಿಕ ಶಿಕ್ಷಣವನ್ನೂ ಬೆಳೆಸುವ ಇರಾದೆ ಸಂಸ್ಥಾನಕ್ಕೆ ಇದೆಯೇ ಎಂದು ಮೊದಲು ವಿಚಾರಿಸಿಕೊಂಡರು. ಸಂಬಳ ಎಷ್ಟು ಎಂದಷ್ಟೇ ಕೇಳಲು ಕಲಿತಿರುವ ನಮಗೆ ಇದು ಹೊಸ ಪ್ರಶ್ನೆ.

ಮುಂದಿನದು ನಮಗೆಲ್ಲ ಗೊತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ದಿವಾನಗಿರಿ ಬಿಟ್ಟ ಮೇಲೂ, ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು 1923ರಿಂದ ಹೊತ್ತು ಅದನ್ನು ಮೇಲೆತ್ತಿದರು. ನಾವು ಇವನ್ನು ಸಾಧನೆಗಳ ಪಟ್ಟಿಯಂತೆ ಬಾಯಿಪಾಠ ಮಾಡುತ್ತೇವೆ. ಜೋಡಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಕಾಲೇಜು ಎಂಜಿನಿಯರ್‌ನನ್ನು ಕೊಡುತ್ತದೆ, ಅಣೆಕಟ್ಟು ವಿದ್ಯುತ್ತಿಗೆ ನೀರು ಒದಗಿಸುತ್ತದೆ, ಬ್ಯಾಂಕು ಬಂಡವಾಳ ಕೊಡುತ್ತದೆ, ಕಾರ್ಖಾನೆ ಕೆಲಸ ಕೊಡುತ್ತದೆ. ಒಂದಿಲ್ಲದಿದ್ದರೆ ಇನ್ನೊಂದು ಕುಂಟುತ್ತದೆ. ಎಂಜಿನಿಯರ್‌ಗೆ ಬೇಡಿಕೆ ತಾನಾಗಿ ಇರುವುದಿಲ್ಲ, ಯಾರೋ ಅದನ್ನು ಹುಟ್ಟಿಸಬೇಕು ಎಂಬುದನ್ನು ಅವರು ತಿಳಿದಿದ್ದರು.

1955ರಲ್ಲಿ ಭಾರತರತ್ನ ಬಂತು. 1962ರಲ್ಲಿ, ನೂರು ವರ್ಷ ದಾಟಿದ ಮೇಲೆ ಅವರು ತೀರಿಕೊಂಡರು.

ಇಂದು ಕಾಲೇಜುಗಳು ಹೆಚ್ಚಾಗಿವೆ, ಆ ವೇಗದಲ್ಲಿ ಕೆಲಸಗಳು ಹುಟ್ಟುತ್ತಿಲ್ಲ. ಆ ಹೊಣೆ ಆಳುವವರದ್ದು. ಕೆಲಸ ಸಿಗದ ಹುಡುಗ ಹುಡುಗಿಯರನ್ನು ದೂರಿ ಪ್ರಯೋಜನವಿಲ್ಲ. ಆದರೆ ಸುಕ್ಕೂರಿನ ಬಾವಿಯ ಪಾಠ ನಮ್ಮ ಕೈಯಲ್ಲೇ ಇದೆ. ನಾನಂತೂ ಈ ಸಲದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವುದಿಲ್ಲ. ನಮ್ಮ ಬೀದಿಯಲ್ಲಿ ಮಳೆ ಬಂದಾಗಲೆಲ್ಲ ಕಟ್ಟಿಕೊಳ್ಳುವ ಚರಂಡಿಯನ್ನೇ ಅಳತೆ ಮಾಡಲು ಹೊರಟಿದ್ದೇನೆ. ಸಂದರ್ಶನದಲ್ಲಿ ಹೇಳಿಕೊಳ್ಳಲು ನನ್ನದೇ ಆದ ಒಂದು ಕೆಲಸವಾದರೂ ಇರಲಿ. ಹಾರದ ಜೊತೆಗೆ ಆ ಫೋಟೊಗೆ ನಾನು ಕೊಡಬಹುದಾದದ್ದು ಸದ್ಯಕ್ಕೆ ಇಷ್ಟೇ.