ಬಣ್ಣದ ಗುಟ್ಟು ಹುಡುಕಿದ ವೈದ್ಯ

ಮಕ್ಕಳೇ, ಮಾಂಡವಿ ನದಿಯ ದಡದ ಪರ್ವರಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಡೆದು ನೋಡಿದ್ದೀರಾ? ಬಿಸಿಲು ಚುರುಗುಟ್ಟುತ್ತದೆ. ರಜೆಯಲ್ಲಿ ಹೊರಗೆ ಆಡಿದರೆ ನಿಮ್ಮ ಕೈಕಾಲುಗಳು ಇನ್ನಷ್ಟು ಕಪ್ಪಾಗುತ್ತವೆ. ಇದಕ್ಕೆ ಮೆಲನಿನ್ ಎಂಬ ವರ್ಣದ್ರವ್ಯ ಕಾರಣ. ನಮ್ಮ ಚರ್ಮ, ಕೂದಲು ಮತ್ತು ಕಣ್ಣುಗಳಿಗೆ ಬಣ್ಣ ಕೊಡುವುದು ಅದೇ. ಅದು ಕೊಡೆಯಂತೆ ನಮ್ಮ ಚರ್ಮವನ್ನು ಬಿಸಿಲಿನಿಂದ ಕಾಪಾಡುತ್ತದೆ.

ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಮೆಲನಿನ್ ತಯಾರಾಗುವುದಿಲ್ಲ ಅಥವಾ ಬಹಳ ಕಡಿಮೆ ತಯಾರಾಗುತ್ತದೆ. ಇದನ್ನು ವರ್ಣಹೀನತೆ ಅಥವಾ ಆಲ್ಬಿನಿಸಂ ಎನ್ನುತ್ತಾರೆ. ಪ್ರಾಣಿಗಳಲ್ಲಿಯೂ ಇದು ಉಂಟು. ಕೆಂಪು ಕಣ್ಣಿನ ಬಿಳಿ ಮೊಲವನ್ನು ನೀವು ಕಂಡಿರಬಹುದು. ಅದರ ಕಣ್ಣಿನಲ್ಲಿ ಬಣ್ಣವಿಲ್ಲದ ಕಾರಣ ಒಳಗಿನ ರಕ್ತದ ಕೆಂಪು ಹೊರಗೆ ಕಾಣುತ್ತದೆ. ಆದರೆ ಗದ್ದೆಯಲ್ಲಿ ಕಾಣುವ ಬೆಳ್ಳಕ್ಕಿಗೆ ವರ್ಣಹೀನತೆ ಇಲ್ಲ. ಅದರ ಗರಿ ಮಾತ್ರ ಬಿಳಿ; ಕಣ್ಣು, ಕಾಲು, ಕೊಕ್ಕುಗಳಿಗೆ ಬಣ್ಣವಿದೆ.

ಬಣ್ಣವಿಲ್ಲದ ಮಗು ಹುಟ್ಟಿದರೆ ಹಿಂದೆ ಜನರು ಅದನ್ನು ಶಾಪವೆಂದು ತಿಳಿಯುತ್ತಿದ್ದರು. ತಾಯಿಯನ್ನು ದೂರುತ್ತಿದ್ದರು. ಹಾಗಾದರೆ ನಿಜವಾದ ಕಾರಣವೇನು? ಅದಕ್ಕೆ ದಾರಿ ತೋರಿದವರು ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯರು.

ಗ್ಯಾರಡ್ ಅವರು 1857ರ ನವೆಂಬರ್ 25ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಆಲ್ಫ್ರೆಡ್ ಗ್ಯಾರಡ್ ಅವರೂ ಹೆಸರಾಂತ ವೈದ್ಯರು. ಮಗ ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನ ಓದಿ, ಬಳಿಕ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಕಲಿತರು. ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು.

ಒಮ್ಮೆ ಅವರ ಬಳಿಗೆ ಒಂದು ಕೂಸು ಬಂದಿತು. ಆ ಕೂಸು ಮೂತ್ರ ಮಾಡಿದ ಬಟ್ಟೆ ಕಪ್ಪಾಗುತ್ತಿತ್ತು. ಹೊಟ್ಟೆಯಲ್ಲಿ ಸೇರಿದ ರೋಗಾಣುಗಳಿಂದ ಹೀಗಾಗುತ್ತದೆಂದು ಆಗಿನ ವೈದ್ಯರು ನಂಬಿದ್ದರು. ಗ್ಯಾರಡ್ ಅವರು ಹಾಗೆ ನಂಬಿ ಸುಮ್ಮನಾಗಲಿಲ್ಲ. 1901ರಲ್ಲಿ ಅದೇ ತಾಯಿಗೆ ಇನ್ನೊಂದು ಮಗು ಹುಟ್ಟಿತು. ಆ ಮಗುವಿನ ಬಟ್ಟೆಗಳನ್ನು ಮೊದಲ ದಿನದಿಂದಲೇ ನೋಡುತ್ತಿರಲು ದಾದಿಗೆ ಹೇಳಿದರು. ಎರಡು ಮೂರು ದಿನಗಳಲ್ಲಿಯೇ ಬಟ್ಟೆ ಕಪ್ಪಾಯಿತು. ಹಾಗಾದರೆ ಇದು ಹೊರಗಿನಿಂದ ಅಂಟಿದ ರೋಗವಲ್ಲ, ಹುಟ್ಟಿನಿಂದಲೇ ಬಂದುದು ಎಂದು ಅವರು ಅರಿತರು.

ಈ ಮಕ್ಕಳ ತಂದೆತಾಯಿಗಳು ಹತ್ತಿರದ ರಕ್ತಸಂಬಂಧಿಗಳಾಗಿದ್ದರು. ಇದನ್ನೂ ಗ್ಯಾರಡ್ ಗಮನಿಸಿದರು. ಮೆಂಡೆಲ್ ಎಂಬ ಸನ್ಯಾಸಿ ಬಟಾಣಿ ಗಿಡಗಳನ್ನು ಬೆಳೆಸಿ ಒಂದು ನಿಯಮವನ್ನು ಕಂಡುಹಿಡಿದಿದ್ದರು. ಬಿಳಿ ಹೂವಿನ ಗುಣ ಒಂದು ತಲೆಮಾರಿನಲ್ಲಿ ಅಡಗಿ, ಮುಂದಿನದರಲ್ಲಿ ಮತ್ತೆ ಕಾಣಿಸುತ್ತದೆ ಎಂಬುದೇ ಅದು. ಮನುಷ್ಯರಲ್ಲಿಯೂ ಹೀಗೆಯೇ ಆಗುತ್ತದೆಂದು ಗ್ಯಾರಡ್ 1902ರಲ್ಲಿ ಬರೆದರು. ತಂದೆ ಮತ್ತು ತಾಯಿ ಇಬ್ಬರಲ್ಲಿಯೂ ಒಂದು ಗುಣ ಅಡಗಿರಬಹುದು. ಇಬ್ಬರಿಂದಲೂ ಅದು ಬಂದಾಗ ಮಾತ್ರ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ.

1908ರಲ್ಲಿ ಅವರು ಇಂಥ ನಾಲ್ಕು ಸ್ಥಿತಿಗಳ ಬಗ್ಗೆ ಉಪನ್ಯಾಸಗಳನ್ನು ನೀಡಿದರು. ಅವುಗಳಲ್ಲಿ ವರ್ಣಹೀನತೆಯೂ ಒಂದು. ಅವರ ವಿಚಾರವನ್ನು ಹೀಗೆ ತಿಳಿಯಿರಿ. ಮನೆಯಲ್ಲಿ ದೋಸೆ ಮಾಡಲು ಅಕ್ಕಿಯನ್ನು ನೆನೆಸಬೇಕು, ರುಬ್ಬಬೇಕು, ಹುಳಿ ಬರಿಸಬೇಕು, ಹುಯ್ಯಬೇಕು. ರುಬ್ಬುವ ಕೆಲಸ ನಿಂತರೆ ದೋಸೆ ಆಗುವುದಿಲ್ಲ. ದೇಹವೂ ಹಂತ ಹಂತವಾಗಿ ಮೆಲನಿನ್ ತಯಾರಿಸುತ್ತದೆ. ಒಂದು ಹಂತದ ಕೆಲಸ ಮಾಡುವ ಕಿಣ್ವ ಇಲ್ಲದಿದ್ದರೆ ಮೆಲನಿನ್ ಆಗುವುದಿಲ್ಲ. ಇದರಲ್ಲಿ ಶಾಪವೂ ಇಲ್ಲ, ಪಾಪವೂ ಇಲ್ಲ.

ಅವರ ಬಾಳಿನಲ್ಲಿ ದೊಡ್ಡ ದುಃಖವೂ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಇಬ್ಬರು ಗಂಡುಮಕ್ಕಳು ತೀರಿಕೊಂಡರು. ಇನ್ನೊಬ್ಬ ಮಗ 1919ರಲ್ಲಿ ಸಾಂಕ್ರಾಮಿಕ ಜ್ವರಕ್ಕೆ ಬಲಿಯಾದನು. ಆದರೂ ಗ್ಯಾರಡ್ ಕೆಲಸ ಬಿಡಲಿಲ್ಲ. 1920ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮಗಳು ಡೊರೊತಿ ಪ್ರಾಚೀನ ಮಾನವರ ಬಗ್ಗೆ ಸಂಶೋಧನೆ ಮಾಡಿ, 1939ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. ಅದನ್ನು ಕಾಣಲು ತಂದೆ ಇರಲಿಲ್ಲ. ಅವರು 1936ರ ಮಾರ್ಚ್ 28ರಂದು ನಿಧನರಾಗಿದ್ದರು.

ಗ್ಯಾರಡ್ ಬದುಕಿದ್ದಾಗ ಅವರ ವಿಚಾರಕ್ಕೆ ಹೆಚ್ಚು ಜನ ಕಿವಿಗೊಡಲಿಲ್ಲ. 1941ರಲ್ಲಿ ಬೀಡಲ್ ಮತ್ತು ಟೇಟಮ್ ಎಂಬ ವಿಜ್ಞಾನಿಗಳು ಬೂಷ್ಟಿನ ಮೇಲೆ ಪ್ರಯೋಗ ಮಾಡಿ ಅದೇ ದಾರಿಯಲ್ಲಿ ಮುಂದೆ ಸಾಗಿದರು. ಅವರಿಗೆ 1958ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆಗ ಗ್ಯಾರಡ್ ಅವರ ಹಿರಿಮೆ ಜಗತ್ತಿಗೆ ತಿಳಿಯಿತು.

ಮಕ್ಕಳೇ, ನಿಮ್ಮ ಶಾಲೆಯಲ್ಲಿಯೂ ಬಿಳಿ ಕೂದಲಿನ, ಬಹಳ ಬಿಳಿಯ ಮೈಬಣ್ಣದ ಗೆಳೆಯ ಅಥವಾ ಗೆಳತಿ ಇರಬಹುದು. ವರ್ಣಹೀನತೆ ಮುಟ್ಟಿದರೆ ಅಂಟುವುದಿಲ್ಲ. ಅವರೂ ನಿಮ್ಮಂತೆಯೇ ಓದಬಲ್ಲರು, ಆಡಬಲ್ಲರು. ಅವರಿಗೆ ಬಿಸಿಲು ಬೇಗ ಸುಡುತ್ತದೆ, ಕರಿಹಲಗೆಯ ಅಕ್ಷರ ಮಸುಕಾಗಿ ಕಾಣುತ್ತದೆ. ಆದ್ದರಿಂದ ಅವರಿಗೆ ಮುಂದಿನ ಬೆಂಚನ್ನು ಬಿಟ್ಟುಕೊಡಿ. ಆಟಕ್ಕೆ ಮರದ ನೆರಳನ್ನು ಆರಿಸಿಕೊಳ್ಳಿ. ಟೊಪ್ಪಿ, ತುಂಬುತೋಳಿನ ಅಂಗಿ ತೊಟ್ಟರೆ ನಗಬೇಡಿ. ಅಡ್ಡಹೆಸರಿನಿಂದ ಕರೆಯದೆ, ಅವರ ಹೆಸರು ಹಿಡಿದೇ ಆಟಕ್ಕೆ ಕರೆಯಿರಿ.