ವಾಲ್ಟರ್ ಬ್ರಾಟೈನ್

ವಾಲ್ಟರ್ ಹೌಸರ್ ಬ್ರಾಟೈನ್ (10 ಫೆಬ್ರವರಿ 1902 – 13 ಅಕ್ಟೋಬರ್ 1987) ಅಮೆರಿಕದ ಭೌತವಿಜ್ಞಾನಿ. ಜಾನ್ ಬಾರ್ಡೀನ್ ಅವರೊಡನೆ ಮೊದಲ ಟ್ರಾನ್ಸಿಸ್ಟರನ್ನು ನಿರ್ಮಿಸಿ, ಅದರ ವರ್ಧನಗುಣವನ್ನು ಅಳೆದು ತೋರಿಸಿದವರು. ಅರೆವಾಹಕಗಳ ಸಂಶೋಧನೆಗಾಗಿ ಮತ್ತು ಟ್ರಾನ್ಸಿಸ್ಟರ್ ಪರಿಣಾಮದ ಆವಿಷ್ಕಾರಕ್ಕಾಗಿ 1956ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಬಾರ್ಡೀನ್ ಹಾಗೂ ವಿಲಿಯಂ ಶಾಕ್ಲಿ ಅವರೊಂದಿಗೆ ಹಂಚಿಕೊಂಡರು.

ಜನನ ಮತ್ತು ವಿದ್ಯಾಭ್ಯಾಸ

ಬ್ರಾಟೈನ್ ಜನಿಸಿದ್ದು ಚೀನಾದ ಅಮೋಯ್ (ಇಂದಿನ ಶಿಯಾಮೆನ್) ನಗರದಲ್ಲಿ. ತಂದೆ ಅಲ್ಲಿ ಶಿಕ್ಷಕರಾಗಿದ್ದರು. ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಕುಟುಂಬವು ಸ್ವದೇಶಕ್ಕೆ ಮರಳಿತು. ಅವರ ಬಾಲ್ಯ ವಾಷಿಂಗ್ಟನ್ ರಾಜ್ಯದಲ್ಲಿ, ದನಕರುಗಳ ನಡುವೆ ಕಳೆಯಿತು. ವಿಟ್ಮನ್ ಕಾಲೇಜಿನಲ್ಲಿ ಪದವಿ (1924), ಆರೆಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ (1926), ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ (1929) ಪಡೆದು, ಅದೇ ವರ್ಷ ಬೆಲ್ ಪ್ರಯೋಗಾಲಯವನ್ನು ಸೇರಿದರು.

ಟ್ರಾನ್ಸಿಸ್ಟರಿನ ಪರೀಕ್ಷೆ

ಆ ಕಾಲದಲ್ಲಿ ಕ್ಷೀಣ ಸಂಕೇತಗಳನ್ನು ವರ್ಧಿಸಲು ನಿರ್ವಾತ ಕವಾಟಗಳನ್ನು ಬಳಸುತ್ತಿದ್ದರು. ಅವು ಬಿಸಿಯಾಗುತ್ತಿದ್ದವು, ಹೆಚ್ಚು ವಿದ್ಯುತ್ತನ್ನು ಬಳಸುತ್ತಿದ್ದವು, ಬೇಗ ಸುಟ್ಟುಹೋಗುತ್ತಿದ್ದವು. ಇವುಗಳ ಬದಲಿಗೆ ಘನಪದಾರ್ಥದ ವರ್ಧಕವೊಂದನ್ನು ರೂಪಿಸಲು ಶಾಕ್ಲಿ ಹೂಡಿದ ಮೊದಲ ಪ್ರಯತ್ನ ಫಲಿಸಲಿಲ್ಲ. ಅರೆವಾಹಕದ ಮೇಲ್ಮೈಯಲ್ಲಿ ಸಿಕ್ಕಿಬೀಳುವ ಇಲೆಕ್ಟ್ರಾನುಗಳೇ ಇದಕ್ಕೆ ಕಾರಣವೆಂದು ಬಾರ್ಡೀನ್ ವಿವರಿಸಿದರು. ಬ್ರಾಟೈನ್ ಪ್ರಯೋಗಗಳನ್ನು ನಡೆಸಿದರು.

1947ರ ಡಿಸೆಂಬರ್ 16ರಂದು ಬ್ರಾಟೈನ್ ತ್ರಿಕೋನಾಕಾರದ ಪ್ಲಾಸ್ಟಿಕ್ ತುಂಡಿನ ಅಂಚಿಗೆ ಚಿನ್ನದ ತಗಡನ್ನು ಅಂಟಿಸಿ, ತುದಿಯಲ್ಲಿ ಬ್ಲೇಡಿನಿಂದ ಸೀಳಿದರು. ಹೀಗೆ ಸುಮಾರು 0.05 ಮಿಲಿಮೀಟರ್ ಅಂತರದ ಎರಡು ಸಂಪರ್ಕಗಳು ದೊರೆತವು. ಇವನ್ನು ಜರ್ಮೇನಿಯಂ ಹರಳಿನ ಮೇಲೆ ಒತ್ತಿ ಹಿಡಿದು, ಒಂದಕ್ಕೆ (ಎಮಿಟರ್) ಅಲ್ಪ ಧನ ವೋಲ್ಟೇಜನ್ನೂ ಇನ್ನೊಂದಕ್ಕೆ (ಕಲೆಕ್ಟರ್) ಅಧಿಕ ಋಣ ವೋಲ್ಟೇಜನ್ನೂ ನೀಡಿದರು. ಎಮಿಟರ್ ಪ್ರವಾಹದಲ್ಲಾದ ಸಣ್ಣ ಬದಲಾವಣೆ ಕಲೆಕ್ಟರ್ ಪ್ರವಾಹವನ್ನೂ ಬದಲಿಸಿತು. ಕಲೆಕ್ಟರ್ ಮಂಡಲದ ರೋಧ ಹೆಚ್ಚಾಗಿದ್ದುದರಿಂದ ಹೊರಬಂದ ಸಂಕೇತವು ಒಳಹೋದ ಸಂಕೇತಕ್ಕಿಂತ ಪ್ರಬಲವಾಗಿತ್ತು. ಡಿಸೆಂಬರ್ 23ರಂದು ಮಾನವ ಧ್ವನಿಯನ್ನೇ ಹಾಯಿಸಿ ಪರೀಕ್ಷಿಸಿದಾಗ ಸಾಮರ್ಥ್ಯ ಸುಮಾರು 18 ಪಟ್ಟು ವರ್ಧಿಸಿತು. ಒಂದು ವಿದ್ಯುತ್ಪ್ರಮಾಣವನ್ನು ಬದಲಿಸುತ್ತ ಮತ್ತೊಂದರ ಏರಿಳಿತವನ್ನು ಗುರುತಿಸುವುದೇ ಇಂದಿಗೂ ಟ್ರಾನ್ಸಿಸ್ಟರಿನ ಗುಣಲಕ್ಷಣ ಪರೀಕ್ಷೆಯ ತಿರುಳು.

ಭಿನ್ನಾಭಿಪ್ರಾಯ

ಈ ಸಾಧನದ ಪೇಟೆಂಟ್ 1950ರಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಅವರ ಹೆಸರಿಗೆ ಮಾತ್ರ ದೊರೆಯಿತು. ಇದರಿಂದ ಅಸಮಾಧಾನಗೊಂಡ ಶಾಕ್ಲಿ ಪ್ರತ್ಯೇಕವಾಗಿ ಶ್ರಮಿಸಿ, ಹೆಚ್ಚು ಉಪಯುಕ್ತವಾದ ಸಂಧಿ ಟ್ರಾನ್ಸಿಸ್ಟರನ್ನು ರೂಪಿಸಿದರು. ಮೂವರ ಸ್ನೇಹ ಮುರಿಯಿತು. ಬಾರ್ಡೀನ್ 1951ರಲ್ಲಿ ಸಂಸ್ಥೆಯನ್ನು ತೊರೆದರು. ಬ್ರಾಟೈನ್ ಬೇರೊಂದು ತಂಡಕ್ಕೆ ಸೇರಿದರು.

ಕೊನೆಯ ವರ್ಷಗಳು

1967ರಲ್ಲಿ ನಿವೃತ್ತರಾದ ಬ್ರಾಟೈನ್ ತಾವು ಓದಿದ ವಿಟ್ಮನ್ ಕಾಲೇಜಿನಲ್ಲಿಯೇ ಬೋಧಿಸಿದರು. ಸಿಯಾಟಲ್‌ನಲ್ಲಿ ನಿಧನರಾದರು.

ಕರ್ನಾಟಕದಲ್ಲಿ

1960ರ ದಶಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ಕೈಯಲ್ಲಿ ಹಿಡಿದು ಒಯ್ಯಬಲ್ಲ ರೇಡಿಯೊ ಹಳ್ಳಿಹಳ್ಳಿಗೂ ತಲುಪಿದಾಗ, ಕನ್ನಡಿಗರ ಬಾಯಲ್ಲಿ ಆ ರೇಡಿಯೊದ ಹೆಸರೇ ಟ್ರಾನ್ಸಿಸ್ಟರ್ ಎಂದಾಯಿತು.