ಜಾರ್ಜ್ ಲ್ಯಾನ್ಸ್‌ಬರಿ

ಜಾರ್ಜ್ ಲ್ಯಾನ್ಸ್‌ಬರಿ (22 ಫೆಬ್ರವರಿ 1859 – 7 ಮೇ 1940) ಬ್ರಿಟನ್ನಿನ ರಾಜಕಾರಣಿ, ಸಮಾಜವಾದಿ, ಪತ್ರಿಕಾ ಸಂಪಾದಕ ಹಾಗೂ ಶಾಂತಿವಾದಿ. 1932ರಿಂದ 1935ರವರೆಗೆ ಲೇಬರ್ ಪಕ್ಷದ ನಾಯಕರಾಗಿದ್ದರು. ಲಂಡನ್ನಿನ ಪೂರ್ವಭಾಗದ ಪಾಪ್ಲರ್ ಎಂಬ ಬಡ ಕಾರ್ಮಿಕರ ಪ್ರದೇಶವು ಇವರ ಸಾರ್ವಜನಿಕ ಜೀವನದ ಕೇಂದ್ರವಾಗಿತ್ತು. 1921ರಲ್ಲಿ ಅಲ್ಲಿನ ಬರೋ ಕೌನ್ಸಿಲ್ ನಡೆಸಿದ ತೆರಿಗೆ ಪ್ರತಿಭಟನೆಯ ಮುಂದಾಳಾಗಿ ಸಹಸದಸ್ಯರೊಂದಿಗೆ ಸೆರೆವಾಸ ಅನುಭವಿಸಿದರು. ನಗರದ ಬಡತನದ ಹೊರೆಯನ್ನು ಬಡ ಬಡಾವಣೆಗಳೇ ಹೊರಬೇಕೆ ಅಥವಾ ಇಡೀ ನಗರ ಹಂಚಿಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ಆ ಪ್ರತಿಭಟನೆಯು ಬ್ರಿಟನ್ನಿನ ಸ್ಥಳೀಯ ಆಡಳಿತದ ಮುಂದಿಟ್ಟಿತು.

ಆರಂಭಿಕ ಜೀವನ

ಲ್ಯಾನ್ಸ್‌ಬರಿಯವರು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ ಜನಿಸಿದರು. ತಂದೆ ರೈಲುಮಾರ್ಗ ನಿರ್ಮಾಣದ ಕೆಲಸದಲ್ಲಿದ್ದುದರಿಂದ ಕುಟುಂಬವು ಊರಿಂದೂರಿಗೆ ಅಲೆಯಬೇಕಾಗಿತ್ತು. 1868ರ ಸುಮಾರಿಗೆ ಅವರು ಲಂಡನ್ನಿನ ಈಸ್ಟ್ ಎಂಡ್ ಪ್ರದೇಶಕ್ಕೆ ಬಂದು ನೆಲೆಸಿದರು. ಲ್ಯಾನ್ಸ್‌ಬರಿಯವರ ಶಾಲಾ ಶಿಕ್ಷಣ ಬೇಗನೆ ಮುಗಿಯಿತು. ಚಿಕ್ಕ ವಯಸ್ಸಿನಲ್ಲಿಯೇ ದುಡಿಮೆಗಿಳಿದ ಅವರು ಕಲ್ಲಿದ್ದಲು ಇಳಿಸುವಂತಹ ಶ್ರಮದ ಕೆಲಸಗಳನ್ನು ಮಾಡಿದರು. 1880ರಲ್ಲಿ ಎಲಿಜಬೆತ್ (ಬೆಸ್ಸಿ) ಬ್ರೈನ್ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ಹನ್ನೆರಡು ಮಕ್ಕಳು ಜನಿಸಿದರು.

1884ರಲ್ಲಿ ಅವರು ಪತ್ನಿ ಮತ್ತು ಮಕ್ಕಳೊಂದಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ವಲಸೆ ಹೋದರು. ಬ್ರಿಸ್ಬೇನ್ ನಗರದಲ್ಲಿ ಸರಿಯಾದ ಉದ್ಯೋಗವಾಗಲಿ ವಸತಿಯಾಗಲಿ ದೊರೆಯದೆ ಕುಟುಂಬವು ಕಷ್ಟಕ್ಕೊಳಗಾಯಿತು. 1885ರಲ್ಲಿ ಲಂಡನ್ನಿಗೆ ಮರಳಿ, ಬೋ ಪ್ರದೇಶದಲ್ಲಿದ್ದ ಮಾವನವರ ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ವಲಸೆಯ ಬಗ್ಗೆ ಹಬ್ಬಿಸಲಾಗುತ್ತಿದ್ದ ಆಕರ್ಷಕ ಪ್ರಚಾರವು ಸತ್ಯಕ್ಕೆ ದೂರವಾದುದೆಂದು ಜನರಿಗೆ ತಿಳಿಸಲು ಅವರು ಸಭೆಗಳಲ್ಲಿ ಮಾತನಾಡಲಾರಂಭಿಸಿದರು. ಅವರ ರಾಜಕೀಯ ಜೀವನ ಆರಂಭವಾದುದು ಹೀಗೆ.

ಮೊದಲಿಗೆ ಲಿಬರಲ್ ಪಕ್ಷದ ಕಾರ್ಯಕರ್ತರಾಗಿದ್ದ ಅವರು, 1889ರಲ್ಲಿ ನಡೆದ ಲಂಡನ್ ಕೌಂಟಿ ಕೌನ್ಸಿಲಿನ ಪ್ರಥಮ ಚುನಾವಣೆಯಲ್ಲಿ ಬೋ ಮತ್ತು ಬ್ರಾಮ್ಲಿ ಕ್ಷೇತ್ರದಿಂದ ಸ್ಪರ್ಧಿಸಿದ ಜೇನ್ ಕಾಬ್ಡೆನ್ ಅವರ ಚುನಾವಣಾ ಪ್ರತಿನಿಧಿಯಾಗಿ ದುಡಿದರು. ಜೇನ್ ಕಾಬ್ಡೆನ್ ಗೆದ್ದರೂ, ಮಹಿಳೆಯರು ಕೌನ್ಸಿಲಿನ ಸದಸ್ಯರಾಗಬಹುದೇ ಎಂಬ ವಿಷಯವು ನ್ಯಾಯಾಲಯದ ಮೆಟ್ಟಿಲೇರಿತು. ಮಹಿಳೆಯರ ಹಕ್ಕುಗಳ ವಿಷಯದಲ್ಲಿಯೂ ಕಾರ್ಮಿಕರ ದುಡಿಮೆಯ ಅವಧಿಯ ವಿಷಯದಲ್ಲಿಯೂ ಲಿಬರಲ್ ಪಕ್ಷವು ತೋರಿದ ನಿರಾಸಕ್ತಿಯಿಂದ ಬೇಸತ್ತ ಲ್ಯಾನ್ಸ್‌ಬರಿಯವರು 1892ರಲ್ಲಿ ಆ ಪಕ್ಷವನ್ನು ತೊರೆದು ಸೋಷಿಯಲ್ ಡೆಮಾಕ್ರಟಿಕ್ ಫೆಡರೇಷನ್ ಎಂಬ ಸಮಾಜವಾದಿ ಸಂಘಟನೆಯನ್ನು ಸೇರಿದರು.

ಪಾಪ್ಲರ್ ಬರೋ

ಪಾಪ್ಲರ್ ಥೇಮ್ಸ್ ನದಿಯ ಉತ್ತರ ದಂಡೆಯ ಮೇಲಿರುವ ಪ್ರದೇಶ. ಈಸ್ಟ್ ಇಂಡಿಯಾ ಹಾಗೂ ವೆಸ್ಟ್ ಇಂಡಿಯಾ ಹಡಗುಕಟ್ಟೆಗಳು ಇಲ್ಲಿಯೇ ಇದ್ದವು. ಭಾರತವೂ ಸೇರಿದಂತೆ ದೂರದೇಶಗಳ ಸರಕುಗಳನ್ನು ಇಳಿಸುವ ಹಮಾಲರು, ರೈಲ್ವೆ ಕಾರ್ಮಿಕರು ಮತ್ತು ಕಾರ್ಖಾನೆಯ ಕೆಲಸಗಾರರು ಇಲ್ಲಿನ ಪ್ರಧಾನ ನಿವಾಸಿಗಳು. ಹಡಗುಕಟ್ಟೆಯ ಕೆಲಸವು ದಿನಗೂಲಿಯ ಆಧಾರದ್ದಾದುದರಿಂದ ಹಡಗುಗಳು ಬಾರದ ದಿನಗಳಲ್ಲಿ ಕೂಲಿಯೂ ಇರುತ್ತಿರಲಿಲ್ಲ.

1855ರಿಂದ ಪಾಪ್ಲರ್ ಜಿಲ್ಲಾ ಕಾಮಗಾರಿ ಮಂಡಳಿಯು ಈ ಪ್ರದೇಶದ ಸ್ಥಳೀಯ ಆಡಳಿತವನ್ನು ನೋಡಿಕೊಳ್ಳುತ್ತಿತ್ತು. 1899ರ ಲಂಡನ್ ಸರ್ಕಾರ ಕಾಯಿದೆಯು ಲಂಡನ್ ಕೌಂಟಿಯನ್ನು 28 ಮಹಾನಗರ ಬರೋಗಳಾಗಿ ವಿಂಗಡಿಸಿತು. ಅದರಂತೆ 1900ರಲ್ಲಿ ಬೋ, ಬ್ರಾಮ್ಲಿ ಮತ್ತು ಪಾಪ್ಲರ್ ಎಂಬ ಮೂರು ಪ್ಯಾರಿಷ್‌ಗಳನ್ನು ಒಳಗೊಂಡ ಪಾಪ್ಲರ್ ಮಹಾನಗರ ಬರೋ ಅಸ್ತಿತ್ವಕ್ಕೆ ಬಂದಿತು. 1901ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 1,69,000. ರಸ್ತೆ, ಬೀದಿದೀಪ, ನೈರ್ಮಲ್ಯ, ಗ್ರಂಥಾಲಯ, ಸ್ನಾನಗೃಹ ಮುಂತಾದವು ಬರೋ ಕೌನ್ಸಿಲಿನ ಹೊಣೆಯಾಗಿದ್ದವು. ಬಡವರಿಗೆ ನೆರವು ನೀಡುವ ಕೆಲಸವು ಪ್ರತ್ಯೇಕವಾಗಿ ಚುನಾಯಿತವಾಗುತ್ತಿದ್ದ ಬಡವರ ಪಾಲಕ ಮಂಡಳಿಗೆ ಸೇರಿತ್ತು.

ಬಡವರ ಪಾಲಕ ಮಂಡಳಿಯಲ್ಲಿ

ಲ್ಯಾನ್ಸ್‌ಬರಿಯವರು 1893ರಲ್ಲಿ ಪಾಪ್ಲರ್ ಪಾಲಕ ಮಂಡಳಿಗೆ ಆಯ್ಕೆಯಾದರು. ಅಂದಿನ ಬಡವರ ಕಾಯಿದೆಯ ಪ್ರಕಾರ, ನೆರವು ಬೇಡಿ ಬಂದವರನ್ನು ವರ್ಕ್‌ಹೌಸ್ ಎಂಬ ನಿರ್ಗತಿಕರ ಗೃಹಕ್ಕೆ ಸೇರಿಸಲಾಗುತ್ತಿತ್ತು. ಜನರು ನೆರವು ಕೇಳಲು ಹಿಂಜರಿಯಲೆಂಬ ಉದ್ದೇಶದಿಂದಲೇ ಅಲ್ಲಿನ ಬದುಕನ್ನು ಕಠಿಣಗೊಳಿಸಲಾಗಿತ್ತು. ಲ್ಯಾನ್ಸ್‌ಬರಿ ಮತ್ತು ಅವರ ಸಹೋದ್ಯೋಗಿ ವಿಲ್ ಕ್ರೂಕ್ಸ್ ಈ ಧೋರಣೆಯನ್ನು ವಿರೋಧಿಸಿ ಊಟ, ಉಡುಪು ಹಾಗೂ ಮಕ್ಕಳ ಶಿಕ್ಷಣದಲ್ಲಿ ಸುಧಾರಣೆ ತಂದರು. ಅಮೆರಿಕದ ಉದ್ಯಮಿ ಜೋಸೆಫ್ ಫೆಲ್ಸ್ ಅವರ ನೆರವಿನಿಂದ 1904ರಲ್ಲಿ ಎಸೆಕ್ಸ್ ಪ್ರಾಂತ್ಯದ ಲೈಂಡನ್ನಿನಲ್ಲಿ ನಿರುದ್ಯೋಗಿಗಳಿಗಾಗಿ ಕೃಷಿ ಶಿಬಿರವೊಂದು ಆರಂಭವಾಯಿತು.

ಮಂಡಳಿಯ ವೆಚ್ಚವು ಹೆಚ್ಚಿದುದರಿಂದ ತೆರಿಗೆದಾರರಲ್ಲಿ ಅಸಮಾಧಾನ ಮೂಡಿತು. 1906ರಲ್ಲಿ ಸರ್ಕಾರವು ವಿಚಾರಣೆ ನಡೆಸಿತು. ವಿಚಾರಣಾ ವರದಿಯು ಮಂಡಳಿಯನ್ನು ದುಂದುವೆಚ್ಚಕ್ಕಾಗಿ ಟೀಕಿಸಿದರೂ ಲ್ಯಾನ್ಸ್‌ಬರಿಯವರು ತಮ್ಮ ಸ್ಥಾನವನ್ನು ಉಳಿಸಿಕೊಂಡರು. 1905ರಿಂದ 1909ರವರೆಗೆ ಬಡವರ ಕಾಯಿದೆಯ ಕುರಿತ ರಾಯಲ್ ಆಯೋಗದ ಸದಸ್ಯರಾಗಿದ್ದ ಅವರು, ಬಿಯಾಟ್ರಿಸ್ ವೆಬ್ ಮೊದಲಾದವರೊಂದಿಗೆ ಅಲ್ಪಮತದ ವರದಿಗೆ ಸಹಿ ಹಾಕಿದರು. ಬಡವರ ಕಾಯಿದೆಯನ್ನೇ ರದ್ದುಪಡಿಸಬೇಕೆಂದು ಆ ವರದಿ ಶಿಫಾರಸು ಮಾಡಿತ್ತು.

ಸಂಸತ್ತು, ಮಹಿಳಾ ಮತಾಧಿಕಾರ ಮತ್ತು ಪತ್ರಿಕೋದ್ಯಮ

1910ರ ಡಿಸೆಂಬರ್ ಚುನಾವಣೆಯಲ್ಲಿ ಲ್ಯಾನ್ಸ್‌ಬರಿಯವರು ಬೋ ಮತ್ತು ಬ್ರಾಮ್ಲಿ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. 1912ರಲ್ಲಿ ಮಹಿಳಾ ಮತಾಧಿಕಾರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ರಾಜೀನಾಮೆ ನೀಡಿ ಮರುಚುನಾವಣೆ ಎದುರಿಸಿದರು. ಪುರುಷರು ಮಾತ್ರವೇ ಮತದಾರರಾಗಿದ್ದ ಆ ಉಪಚುನಾವಣೆಯಲ್ಲಿ 751 ಮತಗಳಿಂದ ಸೋತ ಅವರು ಮುಂದಿನ ಹತ್ತು ವರ್ಷಗಳ ಕಾಲ ಸಂಸತ್ತಿನಿಂದ ಹೊರಗುಳಿದರು. 1913ರಲ್ಲಿ ಮತಾಧಿಕಾರ ಚಳವಳಿಯನ್ನು ಬೆಂಬಲಿಸಿ ಮಾಡಿದ ಭಾಷಣಕ್ಕಾಗಿ ಅವರನ್ನು ಸೆರೆಮನೆಗೆ ಕಳುಹಿಸಲಾಯಿತು. ಅಲ್ಲಿ ಉಪವಾಸ ಕೈಗೊಂಡ ಬಳಿಕ ಬಿಡುಗಡೆಯಾದರು.

1912ರಲ್ಲಿ ಆರಂಭವಾದ ಡೈಲಿ ಹೆರಾಲ್ಡ್ ಪತ್ರಿಕೆಯ ಸ್ಥಾಪನೆಯಲ್ಲಿ ಪಾಲ್ಗೊಂಡ ಅವರು, ಮುಂದೆ 1922ರವರೆಗೆ ಅದರ ಸಂಪಾದಕರಾಗಿದ್ದರು. ಮೊದಲನೆಯ ಮಹಾಯುದ್ಧವನ್ನು ವಿರೋಧಿಸಿದ ಈ ಪತ್ರಿಕೆಯು ಯುದ್ಧಕಾಲದಲ್ಲಿ ವಾರಪತ್ರಿಕೆಯಾಗಿ ಪ್ರಕಟವಾಗಿ, 1919ರಲ್ಲಿ ಮತ್ತೆ ದಿನಪತ್ರಿಕೆಯಾಯಿತು. 1920ರಲ್ಲಿ ಅವರು ಸೋವಿಯೆತ್ ರಷ್ಯಾಕ್ಕೆ ಭೇಟಿ ನೀಡಿ ಲೆನಿನ್ ಅವರನ್ನು ಕಂಡರು.

ತೆರಿಗೆ ಪ್ರತಿಭಟನೆ

1903ರಿಂದಲೇ ಬರೋ ಕೌನ್ಸಿಲಿನ ಸದಸ್ಯರಾಗಿದ್ದ ಲ್ಯಾನ್ಸ್‌ಬರಿಯವರ ನೇತೃತ್ವದಲ್ಲಿ ಲೇಬರ್ ಪಕ್ಷವು 1919ರ ನವೆಂಬರ್ ಚುನಾವಣೆಯಲ್ಲಿ 42 ಸ್ಥಾನಗಳ ಪೈಕಿ 39ನ್ನು ಗೆದ್ದುಕೊಂಡಿತು. ಲೇಬರ್ ಬಹುಮತದ ಈ ಕೌನ್ಸಿಲಿಗೆ ಅವರು ಮೊದಲ ಮೇಯರ್ ಆದರು. ಕೌನ್ಸಿಲು ವಸತಿ, ತಾಯಿ-ಮಕ್ಕಳ ಆರೋಗ್ಯ ಮತ್ತು ಗ್ರಂಥಾಲಯಗಳ ಕೆಲಸಗಳನ್ನು ವಿಸ್ತರಿಸಿತು. ತನ್ನ ನೌಕರರಿಗೆ, ಪುರುಷ-ಮಹಿಳೆಯೆಂಬ ಭೇದವಿಲ್ಲದೆ, ವಾರಕ್ಕೆ ಕನಿಷ್ಠ 4 ಪೌಂಡ್ ವೇತನವನ್ನು ನಿಗದಿಪಡಿಸಿತು.

ಬರೋಗಳ ಮುಖ್ಯ ವರಮಾನವು ಕಟ್ಟಡಗಳ ಬಾಡಿಗೆ ಮೌಲ್ಯದ ಮೇಲೆ ವಿಧಿಸುವ ಸ್ಥಳೀಯ ತೆರಿಗೆಯಾಗಿತ್ತು. ವೆಸ್ಟ್‌ಮಿನ್‌ಸ್ಟರಿನಂತಹ ಶ್ರೀಮಂತ ಬರೋಗಳಲ್ಲಿ ಆಸ್ತಿಯ ಮೌಲ್ಯ ಅಧಿಕವಾಗಿದ್ದುದರಿಂದ ಕಡಿಮೆ ದರದ ತೆರಿಗೆಯಿಂದಲೇ ಹೆಚ್ಚು ಹಣ ಕೂಡುತ್ತಿತ್ತು. ಪಾಪ್ಲರಿನಲ್ಲಿ ಆಸ್ತಿಯ ಮೌಲ್ಯ ಅಲ್ಪ, ನೆರವು ಬೇಕಾದವರ ಸಂಖ್ಯೆ ಅಪಾರ. ನಿರುದ್ಯೋಗಿಗಳಿಗೆ ನೀಡುವ ನೆರವಿನ ವೆಚ್ಚವನ್ನು ಬಹುಮಟ್ಟಿಗೆ ಆಯಾ ಪ್ರದೇಶವೇ ಭರಿಸಬೇಕಾಗಿದ್ದುದರಿಂದ, ಬಡವರು ಹೆಚ್ಚಾದಷ್ಟೂ ಉಳಿದ ಬಡವರ ಮೇಲಿನ ತೆರಿಗೆಯೇ ಏರುತ್ತಿತ್ತು. ಇದರ ಜೊತೆಗೆ ಲಂಡನ್ ಕೌಂಟಿ ಕೌನ್ಸಿಲ್, ಮಹಾನಗರ ಪೊಲೀಸ್ ಮುಂತಾದ ಸಂಸ್ಥೆಗಳಿಗೆ ಸಲ್ಲಬೇಕಾದ ಹಣವನ್ನೂ ಬರೋ ಕೌನ್ಸಿಲೇ ಸಂಗ್ರಹಿಸಿ ಕೊಡಬೇಕಾಗಿತ್ತು. 1920ರ ಕೊನೆಯಿಂದ ನಿರುದ್ಯೋಗವು ತೀವ್ರಗೊಂಡಾಗ ಈ ಹೊರೆ ತಾಳಲಾರದಷ್ಟಾಯಿತು.

1921ರ ಮಾರ್ಚ್ ತಿಂಗಳಲ್ಲಿ ಕೌನ್ಸಿಲು ಹೊರಗಿನ ಸಂಸ್ಥೆಗಳಿಗಾಗಿ ತೆರಿಗೆ ವಿಧಿಸದಿರಲು ತೀರ್ಮಾನಿಸಿತು. ಸ್ಥಳೀಯ ಅಗತ್ಯಗಳಿಗೆ ಬೇಕಾದಷ್ಟನ್ನು ಮಾತ್ರ ಸಂಗ್ರಹಿಸಲಾಯಿತು. ಕೌಂಟಿ ಕೌನ್ಸಿಲು ನ್ಯಾಯಾಲಯದ ಮೊರೆಹೊಕ್ಕಿತು. ಜುಲೈ 29ರಂದು ಸದಸ್ಯರು ಬೆಂಬಲಿಗರೊಡನೆ, ವಾದ್ಯಮೇಳ ಹಾಗೂ ಬರೋದ ಅಧಿಕಾರದಂಡದೊಂದಿಗೆ, ಪಾಪ್ಲರಿನಿಂದ ಉಚ್ಚ ನ್ಯಾಯಾಲಯಕ್ಕೆ ಮೆರವಣಿಗೆಯಲ್ಲಿ ಸಾಗಿದರು. ಹಣ ಪಾವತಿಸುವಂತೆ ನೀಡಿದ ಆದೇಶವನ್ನು ಪಾಲಿಸಲು ನಿರಾಕರಿಸಿದ್ದಕ್ಕಾಗಿ ಸೆಪ್ಟೆಂಬರ್ ಆರಂಭದಲ್ಲಿ 30 ಮಂದಿ ಸದಸ್ಯರನ್ನು ಬಂಧಿಸಲಾಯಿತು. ಪುರುಷರನ್ನು ಬ್ರಿಕ್ಸ್‌ಟನ್ ಸೆರೆಮನೆಗೂ ಮಹಿಳೆಯರನ್ನು ಹಾಲೋವೇ ಸೆರೆಮನೆಗೂ ಕಳುಹಿಸಲಾಯಿತು. ಬಂಧಿತರಲ್ಲಿ ಮೇಯರ್ ಸ್ಯಾಮ್ ಮಾರ್ಚ್, ಸೂಸನ್ ಲಾರೆನ್ಸ್, ಗರ್ಭಿಣಿಯಾಗಿದ್ದ ನೆಲ್ಲಿ ಕ್ರೆಸಾಲ್, ಲ್ಯಾನ್ಸ್‌ಬರಿಯವರ ಪುತ್ರ ಎಡ್ಗರ್ ಹಾಗೂ ಸೊಸೆ ಮಿನ್ನಿ ಲ್ಯಾನ್ಸ್‌ಬರಿ ಇದ್ದರು.

ಸೆರೆಮನೆಯಲ್ಲಿಯೇ ಕೌನ್ಸಿಲಿನ ಸಭೆಗಳು ನಡೆದವು. ಇದಕ್ಕಾಗಿ ಮಹಿಳಾ ಸದಸ್ಯರನ್ನು ಹಾಲೋವೇಯಿಂದ ಬ್ರಿಕ್ಸ್‌ಟನ್ನಿಗೆ ಕರೆತರಲಾಗುತ್ತಿತ್ತು. ಹ್ಯಾಕ್ನಿಯ ಮೇಯರ್ ಹರ್ಬರ್ಟ್ ಮಾರಿಸನ್ ಸೇರಿದಂತೆ ಲೇಬರ್ ಪಕ್ಷದ ಕೆಲವು ನಾಯಕರು ಕಾನೂನುಭಂಗದ ಈ ಮಾರ್ಗವನ್ನು ಒಪ್ಪಲಿಲ್ಲ. ಆದರೆ ನೆರೆಯ ಬೆತ್ನಲ್ ಗ್ರೀನ್ ಮತ್ತು ಸ್ಟೆಪ್ನಿ ಬರೋಗಳು ಪಾಪ್ಲರಿನ ದಾರಿ ಹಿಡಿಯಲು ನಿರ್ಧರಿಸಿದವು. ಪ್ರತಿಭಟನೆ ಹಬ್ಬುವ ಸೂಚನೆ ಕಂಡ ಸರ್ಕಾರವು ಸಂಧಾನಕ್ಕೆ ಮುಂದಾಯಿತು. ಆರು ವಾರಗಳ ಸೆರೆವಾಸದ ಬಳಿಕ, ಅಕ್ಟೋಬರ್ 12ರಂದು ಸದಸ್ಯರು ಬಿಡುಗಡೆಯಾದರು. ಅದೇ ವರ್ಷ ಅಂಗೀಕಾರವಾದ ಕಾಯಿದೆಯೊಂದು ಬಡವರ ನೆರವಿನ ವೆಚ್ಚದ ದೊಡ್ಡ ಭಾಗವನ್ನು ಲಂಡನ್ನಿನ ಎಲ್ಲ ಬರೋಗಳೂ ಸಾಮಾನ್ಯ ನಿಧಿಯ ಮೂಲಕ ಹಂಚಿಕೊಳ್ಳುವಂತೆ ಮಾಡಿತು. ಮಿನ್ನಿ ಲ್ಯಾನ್ಸ್‌ಬರಿಯವರು ನ್ಯುಮೋನಿಯಾಕ್ಕೆ ತುತ್ತಾಗಿ 1922ರ ಜನವರಿ 1ರಂದು, ತಮ್ಮ 32ನೆಯ ವಯಸ್ಸಿನಲ್ಲಿ ನಿಧನರಾದರು.

ಈ ಘಟನೆಯಿಂದ ಪಾಪ್ಲರಿಸಂ ಎಂಬ ಪದ ಬಳಕೆಗೆ ಬಂದಿತು. ಕೇಂದ್ರ ಸರ್ಕಾರವನ್ನು ಎದುರಿಸಿ ಬಡವರ ಪರವಾಗಿ ಉದಾರವಾಗಿ ವೆಚ್ಚಮಾಡುವ ಸ್ಥಳೀಯ ಆಡಳಿತವನ್ನು ಅದು ಸೂಚಿಸುತ್ತದೆ. ವಿರೋಧಿಗಳು ಇದನ್ನು ನಿಂದನೆಯಾಗಿಯೂ ಬೆಂಬಲಿಗರು ಹೆಮ್ಮೆಯಿಂದಲೂ ಬಳಸಿದರು. ಕೌನ್ಸಿಲಿನ ಎಲ್ಲ ಹೋರಾಟಗಳೂ ಫಲಿಸಲಿಲ್ಲ. 4 ಪೌಂಡ್ ಕನಿಷ್ಠ ವೇತನವನ್ನು ಲೆಕ್ಕಪರಿಶೋಧಕರು ಆಕ್ಷೇಪಿಸಿದರು. 1925ರಲ್ಲಿ ರಾಬರ್ಟ್ಸ್ ವಿರುದ್ಧ ಹಾಪ್‌ವುಡ್ ಎಂಬ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ವೇತನವು ಕಾನೂನುಬಾಹಿರವೆಂದು ತೀರ್ಪು ನೀಡಿತು. ಸ್ಥಳೀಯ ಸಂಸ್ಥೆಗಳ ವಿವೇಚನಾಧಿಕಾರದ ಮಿತಿಗಳ ಕುರಿತಾದ ಚರ್ಚೆಗಳಲ್ಲಿ ಈ ಪ್ರಕರಣವು ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಭಾರತದೊಂದಿಗಿನ ಸಂಬಂಧ

ಲ್ಯಾನ್ಸ್‌ಬರಿಯವರು ಭಾರತದ ಸ್ವಯಮಾಡಳಿತದ ಬೆಂಬಲಿಗರಾಗಿದ್ದರು. 1914ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಸದಸ್ಯರಾದ ಅವರಿಗೆ ಆನಿ ಬೆಸೆಂಟ್ ಅವರೊಂದಿಗೆ ನಿಕಟ ಪರಿಚಯವಿತ್ತು. ಬೆಸೆಂಟರ ಪ್ರಯತ್ನದಿಂದ ಸಿದ್ಧವಾದ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆಯನ್ನು 1925ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಮಂಡಿಸಿದವರು ಇವರೇ. ಆದರೆ ಆ ಮಸೂದೆ ಕಾಯಿದೆಯಾಗಲಿಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ತೆರಳಿದ ಮಹಾತ್ಮ ಗಾಂಧಿಯವರು ತಂಗಿದ್ದ ಕಿಂಗ್ಸ್‌ಲಿ ಹಾಲ್ ಕೂಡ ಪಾಪ್ಲರ್ ಬರೋಗೆ ಸೇರಿದ ಬೋ ಪ್ರದೇಶದಲ್ಲಿಯೇ ಇದೆ.

ಸಚಿವ ಹಾಗೂ ಪಕ್ಷದ ನಾಯಕ

1922ರಲ್ಲಿ ಅವರು ಬೋ ಮತ್ತು ಬ್ರಾಮ್ಲಿ ಕ್ಷೇತ್ರದಿಂದ ಪುನರಾಯ್ಕೆಯಾಗಿ, ಮರಣದವರೆಗೂ ಅದನ್ನು ಪ್ರತಿನಿಧಿಸಿದರು. 1929ರಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಸಂಪುಟದಲ್ಲಿ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರಾದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿರುವ ಸರ್ಪೆಂಟೈನ್ ಕೆರೆಯಲ್ಲಿ ಸಾರ್ವಜನಿಕರಿಗೆ ಈಜುತಾಣವನ್ನು ಒದಗಿಸಿದುದು ಅವರ ಆ ಅವಧಿಯ ಜನಪ್ರಿಯ ಕೆಲಸ.

1931ರಲ್ಲಿ ನಿರುದ್ಯೋಗ ಭತ್ಯೆಯನ್ನು ಕಡಿತಗೊಳಿಸುವ ಪ್ರಸ್ತಾಪವನ್ನು ಅವರು ವಿರೋಧಿಸಿದರು. ಮ್ಯಾಕ್‌ಡೊನಾಲ್ಡ್ ರಾಷ್ಟ್ರೀಯ ಸರ್ಕಾರ ರಚಿಸಿದ ನಂತರ ನಡೆದ ಚುನಾವಣೆಯಲ್ಲಿ ಲೇಬರ್ ಪಕ್ಷದ ಬಹುತೇಕ ನಾಯಕರು ಸೋತರು. ಗೆದ್ದುಬಂದ ಪ್ರಮುಖ ಹಿರಿಯರಾದ ಲ್ಯಾನ್ಸ್‌ಬರಿಯವರು ಸಂಸದೀಯ ಪಕ್ಷದ ಹೊಣೆ ಹೊತ್ತು, 1932ರಲ್ಲಿ ಪಕ್ಷದ ನಾಯಕರಾದರು. 1933ರಲ್ಲಿ ಪತ್ನಿ ಬೆಸ್ಸಿ ನಿಧನರಾದರು. ಅದೇ ವರ್ಷದ ಕೊನೆಯಲ್ಲಿ ತೊಡೆಯ ಮೂಳೆ ಮುರಿದು ಅವರು ಹಲವು ತಿಂಗಳು ಆಸ್ಪತ್ರೆಯಲ್ಲಿದ್ದಾಗ ಕ್ಲೆಮೆಂಟ್ ಆಟ್ಲಿ ಪಕ್ಷವನ್ನು ಮುನ್ನಡೆಸಿದರು.

ಇಟಲಿಯು ಅಬಿಸೀನಿಯಾದ ಮೇಲೆ ದಾಳಿ ಮಾಡಿದ ಸಂದರ್ಭದಲ್ಲಿ ಲೇಬರ್ ಪಕ್ಷವು ಇಟಲಿಯ ವಿರುದ್ಧ ದಿಗ್ಬಂಧನಗಳನ್ನು ಬೆಂಬಲಿಸಿತು. ಬಲಪ್ರಯೋಗವನ್ನು ಯಾವ ರೂಪದಲ್ಲಿಯೂ ಒಪ್ಪದ ಲ್ಯಾನ್ಸ್‌ಬರಿಯವರ ನಿಲುವನ್ನು 1935ರ ಅಕ್ಟೋಬರಿನ ಬ್ರೈಟನ್ ಅಧಿವೇಶನದಲ್ಲಿ ಅರ್ನೆಸ್ಟ್ ಬೆವಿನ್ ಕಟುವಾಗಿ ಟೀಕಿಸಿದರು. ಇದರ ಬೆನ್ನಲ್ಲೇ ಲ್ಯಾನ್ಸ್‌ಬರಿಯವರು ನಾಯಕತ್ವಕ್ಕೆ ರಾಜೀನಾಮೆ ನೀಡಿದರು.

ಕೊನೆಯ ವರ್ಷಗಳು

ಅನಂತರ ಅವರು ಯುದ್ಧವನ್ನು ತಪ್ಪಿಸುವ ಉದ್ದೇಶದಿಂದ ಅನೇಕ ದೇಶಗಳಲ್ಲಿ ಸಂಚರಿಸಿದರು. 1936ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನೂ, 1937ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯವರನ್ನೂ ಭೇಟಿಯಾದರು. ಸರ್ವಾಧಿಕಾರಿಗಳ ಸದಿಚ್ಛೆಯ ಬಗ್ಗೆ ಅವರು ಇರಿಸಿಕೊಂಡಿದ್ದ ಭರವಸೆಯು ಸುಳ್ಳಾಯಿತು. ಇದನ್ನು ಅವರ ಮುಗ್ಧತೆಯ ಲಕ್ಷಣವೆಂದು ವಿಮರ್ಶಕರು ಗುರುತಿಸಿದ್ದಾರೆ. ಈ ನಡುವೆಯೂ 1936–37ರ ಅವಧಿಗೆ ಅವರು ಎರಡನೆಯ ಬಾರಿ ಪಾಪ್ಲರಿನ ಮೇಯರ್ ಆಗಿ ಸೇವೆ ಸಲ್ಲಿಸಿದರು. 1940ರ ಮೇ 7ರಂದು ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ನಿಧನರಾದರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಸಮುದ್ರದಲ್ಲಿ ವಿಸರ್ಜಿಸಲಾಯಿತು. ಬೋ ರಸ್ತೆಯಲ್ಲಿದ್ದ ಅವರ ಮನೆಯು ಯುದ್ಧಕಾಲದ ಬಾಂಬ್ ದಾಳಿಯಲ್ಲಿ ನಾಶವಾಯಿತು.

ಪರಂಪರೆ

ಲ್ಯಾನ್ಸ್‌ಬರಿಯವರು ದೀರ್ಘಕಾಲ ಸೇವೆ ಸಲ್ಲಿಸಿದ ಪಾಲಕ ಮಂಡಳಿಗಳು 1930ರಲ್ಲಿ ರದ್ದಾಗಿ ಅವುಗಳ ಕಾರ್ಯಗಳು ಲಂಡನ್ ಕೌಂಟಿ ಕೌನ್ಸಿಲಿಗೆ ವರ್ಗಾವಣೆಗೊಂಡವು. ಯುದ್ಧದ ಹಾನಿಯಿಂದಲೂ ಜನರ ವಲಸೆಯಿಂದಲೂ 1951ರ ವೇಳೆಗೆ ಪಾಪ್ಲರಿನ ಜನಸಂಖ್ಯೆ ಸುಮಾರು 73,000ಕ್ಕೆ ಇಳಿದಿತ್ತು. ಅದೇ ವರ್ಷ ಬ್ರಿಟನ್ ಉತ್ಸವದ ಅಂಗವಾಗಿ ಅಲ್ಲಿ ಪ್ರದರ್ಶಿಸಲಾದ ಹೊಸ ವಸತಿ ಬಡಾವಣೆಗೆ ಲ್ಯಾನ್ಸ್‌ಬರಿ ಎಸ್ಟೇಟ್ ಎಂದು ಹೆಸರಿಡಲಾಯಿತು. 1965ರ ಏಪ್ರಿಲ್ 1ರಂದು ಪಾಪ್ಲರ್ ಮಹಾನಗರ ಬರೋ ರದ್ದಾಯಿತು. ಬೆತ್ನಲ್ ಗ್ರೀನ್ ಮತ್ತು ಸ್ಟೆಪ್ನಿ ಬರೋಗಳೊಂದಿಗೆ ವಿಲೀನಗೊಂಡು ಅದು ಟವರ್ ಹ್ಯಾಮ್ಲೆಟ್ಸ್ ಬರೋದ ಭಾಗವಾಯಿತು. ಪ್ರಸಿದ್ಧ ನಟಿ ಏಂಜೆಲಾ ಲ್ಯಾನ್ಸ್‌ಬರಿ ಇವರ ಮೊಮ್ಮಗಳು, ಎಡ್ಗರ್ ಅವರ ಪುತ್ರಿ.